ಹೂಂಗುಟ್ಟುವ ಮಾವನೂ ಗಮನದ ಮೀಟರೂ

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ. ಸಾಕೆನಿಸಿದಾಗ ಮುಚ್ಚಿಕೊಳ್ಳಲಿ ಎಂದು. ಕಿವಿಗೆ ಮಾತ್ರ ಕದವನ್ನೇ ಇಡಲಿಲ್ಲ. ಅದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು ಎಂಬುದು ಬೈಂಡರ್ ಮಾವನ ನಂಬಿಕೆ. ಕದವಿಲ್ಲದ ಮನೆಗೆ ಬಂದ ಮಾತನ್ನು ಬಾ, ಕೂರು ಎನ್ನದೆ ಕಳಿಸಲಾದೀತೇ? ಅದಕ್ಕೇ ಯಾರು ಏನೇ ಹೇಳಲಿ, ಅವರು ಕಣ್ಣು ಮುಚ್ಚಿ, ತಲೆಯನ್ನು ಬಲಕ್ಕೆ ತುಸು ವಾಲಿಸಿ, ಒಂದೊಂದು ಮಾತು ಮುಗಿದಲ್ಲೂ "ಹೂಂ" ಎನ್ನುತ್ತಿದ್ದರು.

ಇದು ಅಜ್ಜಿ ಕಲಿಸಿದ ಪಾಠ. ಸಂಜೆ ಮನೆಯ ಮೆಟ್ಟಿಲ ಮೇಲೆ ಕೂತು ಅಜ್ಜಿ ಪದ್ಯ ಹೇಳುತ್ತಿದ್ದಳು. ಪುಸ್ತಕವಿಲ್ಲ, ದೀಪ ಬೇಕಿಲ್ಲ; ಎಲ್ಲ ಬಾಯಲ್ಲೇ. ಒಂದು ಪದ್ಯ ಮುಗಿದರೆ ಮೊಮ್ಮಗ ಹೂಂ ಎನ್ನಬೇಕು, ಆಗ ಮುಂದಿನದು. "ಹೂಂಗುಡೋರಿಲ್ಲದ ಪದ್ಯ, ನೀರಿಲ್ಲದ ಗಂಟಲು, ಎರಡೂ ಒಂದೇ ಕಣೋ" ಎನ್ನುತ್ತಿದ್ದಳು. ಅವರಿಗೆ ಏಳು ವರ್ಷವಿದ್ದಾಗ ಒಂದು ಸಂಜೆ, ಕಥೆಯ ವೀರ ಬಿಲ್ಲಿಗೆ ಬಾಣ ಹೂಡಿ ಬಿಟ್ಟ ಗಳಿಗೆಗೆ ಸರಿಯಾಗಿ ತೂಕಡಿಕೆ ಬಂತು. ಹೂಂ ಬರಲಿಲ್ಲ. ಅಜ್ಜಿ ಅಲ್ಲಿಗೇ ನಿಲ್ಲಿಸಿ, ಸೆರಗು ಕೊಡವಿ ಎದ್ದುಹೋದಳು. ಮರುದಿನ ಬೇರೆ ಕಥೆ ಹಿಡಿದಳು. ಎಷ್ಟು ಗೋಗರೆದರೂ ಹಳೆಯದನ್ನು ಮುಂದುವರಿಸಲಿಲ್ಲ. ಮಾವನಿಗೀಗ ಐವತ್ತೆಂಟು, ಆ ಬಾಣ ಇನ್ನೂ ಆಕಾಶದಲ್ಲೇ ಇದೆ.

ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವುದು ಮಾವನ ಕೆಲಸ. ಒಂದು ಉದ್ದನೆಯ ಮೇಜು, ಅಂಟಿನ ಡಬ್ಬಿ, ದಬ್ಬಳ, ಮೇಣ ಸವರಿದ ದಾರ, ಹಾಳೆಗಳನ್ನು ಒತ್ತುವ ಕಬ್ಬಿಣದ ಪ್ರೆಸ್ಸು, ಯಾರೋ ಬೇಡವೆಂದು ಕಳಿಸಿದ ಒಂದು ಹಳೆಯ ಕಂಪ್ಯೂಟರು. ಪ್ರಾಧ್ಯಾಪಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ಬೈಂಡರ್ ಮಾವ. ನಿಜವಾಗಿ ಮಾವ ಎಂದು ಕರೆಯುವ ಹಕ್ಕಿದ್ದದ್ದು ಒಬ್ಬಳಿಗೇ. ತಂಗಿಯ ಮಗಳು ಪುಟ್ಟಿ. ಹೆಸರಿಗೆ ಪುಟ್ಟಿ, ವಯಸ್ಸು ಮೂವತ್ತೊಂದು, ಎತ್ತರ ಮಾವನಿಗಿಂತ ಒಂದು ಗೇಣು ಹೆಚ್ಚು. ಮಾವ-ಅತ್ತೆಯ ಮನೆಯಲ್ಲೇ ಇದ್ದುಕೊಂಡು ಅದೇ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದಳು.

ಅವಳ ಕೆಲಸವೆಂದರೆ 'ಅರಿವಿನಂಗಳ'. ಪ್ರತಿ ಬುಧವಾರ ಸಂಜೆ ನಾಲ್ಕಕ್ಕೆ ಯಾರಾದರೊಬ್ಬ ವಿದ್ವಾಂಸರು ತಮ್ಮ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಹೊಸ ವಿಚಾರವೊಂದನ್ನು ಊರಿನ ಜನಕ್ಕೆ ತಿಳಿಯುವಂತೆ ಹೇಳುವುದು. ದರ್ಜಿ ಕೇಳಬಹುದು, ಬಸ್ ಡ್ರೈವರ್ ಕೇಳಬಹುದು, ಯಾರು ಬೇಕಾದರೂ ಕೇಳಬಹುದು. ಸರಣಿಯನ್ನು ಶುರು ಮಾಡಿದವಳೂ ಅವಳೇ, ಆಹ್ವಾನ ಬರೆಯುವವಳೂ ಅವಳೇ, ಕೊನೆಗೆ "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದು ಹೇಳಿ, ಯಾರೂ ಕೇಳದಿದ್ದಾಗ ತಾನೇ ಮೂರು ಪ್ರಶ್ನೆ ಕೇಳುವವಳೂ ಅವಳೇ. ನಲವತ್ತೊಂದು ಉಪನ್ಯಾಸಗಳಾಗಿದ್ದವು. ಅವಳನ್ನು ಬಿಟ್ಟರೆ ನಲವತ್ತೊಂದನ್ನೂ ಮೊದಲಿಂದ ಕೊನೆಯ ತನಕ ಕೇಳಿದ ಪ್ರಾಣಿ ಭೂಮಿಯ ಮೇಲೆ ಒಂದೇ. ಅದು ನೆಲಮಾಳಿಗೆಯಲ್ಲಿತ್ತು.

ಬರೀ ಕೇಳುವುದಲ್ಲ. ಒಂದೊಂದು ಉಪನ್ಯಾಸ ಮುಗಿದ ಮೇಲೂ ಮಾವ ಅದರ ಮೇಲೊಂದು ಪದ್ಯ ಕಟ್ಟಿ, ಕಾಗದದ ಪಟ್ಟಿಯಲ್ಲಿ ಬರೆದು, ಅಂದು ಕೈಯಲ್ಲಿದ್ದ ಪುಸ್ತಕದ ಬೆನ್ನಿನೊಳಗೆ ಅಂಟಿಸಿ, ಮೇಲೆ ರಟ್ಟು ಮುಚ್ಚಿಬಿಡುತ್ತಿದ್ದರು. ಯಾರಿಗೂ ಕಾಣುವುದಿಲ್ಲ. ಪದ್ಯದಿಂದ ಪುಸ್ತಕದ ಬೆನ್ನು ಗಟ್ಟಿಯಾಗುತ್ತದೆ, ಅಷ್ಟು ಸಾಕು ಎನ್ನುತ್ತಿದ್ದರು.

ತೊಂದರೆ ಬಂದದ್ದು ಹೂಂನಿಂದ. ಆ ಆನ್‌ಲೈನ್ ಸಭೆಗೊಂದು ಗುಣವಿತ್ತು: ಯಾರ ಕಡೆಯಿಂದ ಸದ್ದು ಬಂತೋ ಅವರ ಮುಖವನ್ನೇ ಎತ್ತಿ ತಂದು ಪರದೆಯ ತುಂಬ ಕೂರಿಸಿಬಿಡುವುದು. ನಲವತ್ತೊಂದನೆಯ ಉಪನ್ಯಾಸ ಚಿಟ್ಟೆಗಳ ಜೀವನದ ಬಗ್ಗೆ. ಪಾಪ, ಚಿಟ್ಟೆಯ ಪ್ರಾಧ್ಯಾಪಕಿ ಹನ್ನೆರಡು ವರ್ಷ ಕಾಡು ಸುತ್ತಿ ತೆಗೆದ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಒಂದು ಚಿಟ್ಟೆ, "ಹೂಂ", ಪರದೆಯ ತುಂಬ ಮಾವನ ಮೂಗು. ಇನ್ನೊಂದು ಚಿಟ್ಟೆ, "ಹೂಂ", ಮತ್ತೆ ಮೂಗು. ಆಮೇಲೆ ರೆಕಾರ್ಡಿಂಗ್ ನೋಡಿದವರಿಗೆ ಸಿಕ್ಕಿದ್ದು ನಲವತ್ತು ನಿಮಿಷದ ಮೂಗು, ನಡುನಡುವೆ ಅಲ್ಲೊಂದು ಇಲ್ಲೊಂದು ರೆಕ್ಕೆ. ಯಾರೋ ಕೆಳಗೆ ಬರೆದಿದ್ದರು: "ಈ ಕಂಬಳಿಹುಳ ಕೊನೆಗೂ ಚಿಟ್ಟೆ ಆಗುತ್ತಾ?"

ಪುಟ್ಟಿ ತಲೆ ಮೇಲೆ ಕೈ ಹೊತ್ತು ನೆಲಮಾಳಿಗೆಗೆ ಇಳಿದು ಬಂದಳು.

"ಮಾವ, ಆ ಮೈಕಿನ ಗುಂಡಿ ಒತ್ತಿ ಅಂತ ಹೇಳಿರಲಿಲ್ವಾ ನಾನು?"

"ಒತ್ತಿದ್ನಲ್ಲಮ್ಮ."

"ಎಷ್ಟು ಸಲ ಒತ್ತಿದ್ರಿ?"

"ಗಟ್ಟಿಯಾಗ್ಲಿ ಅಂತ ಎರಡು ಸಲ."

ಒಂದು ಸಲ ಒತ್ತಿದರೆ ಮುಚ್ಚುವುದು, ಎರಡನೇ ಸಲಕ್ಕೆ ತೆರೆಯುವುದು. ಅದನ್ನು ತಿಳಿಸಿ ಹೇಳುವ ತಾಳ್ಮೆ ಅವಳಿಗಿರಲಿಲ್ಲ. ಮೇಜಿನ ಮೇಲೆ ಕಡ್ಡಿಯಂತೆ ನಿಂತಿದ್ದ ಮೈಕಿನ ತಲೆಗೆ, ಪುಸ್ತಕದ ಬೆನ್ನಿಗೆ ಹಚ್ಚುವ ಕಪ್ಪು ಬಟ್ಟೆ ಟೇಪನ್ನು ಮೂರು ಸುತ್ತು ಸುತ್ತಿದಳು. "ಇದನ್ನ ಬಿಚ್ಚಬಾರ್ದು. ಆಣೆ ಮಾಡಿ." ಮಾವ ಅಂಟಿನ ಕೈಯಲ್ಲೇ ಆಣೆ ಮಾಡಿದರು. ಕೈಗೆ ಕೈ ಅಂಟಿಕೊಂಡು, ಬಿಡಿಸಿಕೊಳ್ಳಲು ಎರಡು ನಿಮಿಷ ಹಿಡಿಯಿತು.

ಇಷ್ಟಾಗಿದ್ದರೆ ನಗುವಿನಲ್ಲೇ ಮುಗಿಯುತ್ತಿತ್ತು. ಆದರೆ ಮೂಗಿನ ಸುದ್ದಿ ಮಹಡಿ ಹತ್ತಿ ಕುಲಪತಿಗಳ ಕೋಣೆಗೂ ಹೋಯಿತು. ಕುಲಪತಿಗಳು ಮಾತಿಗೆ ಹೆಸರಾದವರು. ಶುಭವಾಗಲಿ ಎನ್ನುವುದಕ್ಕೂ ಇಪ್ಪತ್ತು ನಿಮಿಷ ತೆಗೆದುಕೊಳ್ಳುವವರು. ಅವರಿಂದ ಪುಟ್ಟಿಗೆ ಚಿಕ್ಕದೊಂದು ಕಾಗದ ಬಂತು ಎಂದರೆ ಅದು ಕೆಟ್ಟ ಸುದ್ದಿಯೇ. ಮುಂದಿನ ಬುಧವಾರದ ಉಪನ್ಯಾಸಕರು ಕೇಳುಗರ ಗಮನವನ್ನು ಅಳೆಯುವ ಯಂತ್ರ ಕಂಡುಹಿಡಿದವರಂತೆ. ಅಂದು ಎಲ್ಲರೂ ಕ್ಯಾಮೆರಾ ತೆರೆದಿಟ್ಟು ಕೂರತಕ್ಕದ್ದು. ಆ ಯಂತ್ರದಲ್ಲಿ ಸಭೆಯ ಸರಾಸರಿ ಗಮನ ನೂರಕ್ಕೆ ಐವತ್ತು ಮುಟ್ಟದಿದ್ದರೆ 'ಅರಿವಿನಂಗಳ'ಕ್ಕೆ ಬೀಗ. ಸಂಚಾಲಕಿಯನ್ನು ಹಳೆಯ ಉತ್ತರಪತ್ರಿಕೆಗಳ ಉಗ್ರಾಣಕ್ಕೆ ವರ್ಗ ಮಾಡಲಾಗುವುದು.

ಉಗ್ರಾಣ ಮಾವನ ನೆಲಮಾಳಿಗೆಯ ಎದುರಿಗೇ ಇತ್ತು. ಅಲ್ಲಿ ಇಪ್ಪತ್ತು ವರ್ಷದ ತಪ್ಪು ಉತ್ತರಗಳು ಮಾಡಿನ ತನಕ ಪೇರಿಸಿ ನಿಂತಿದ್ದವು.

*

ಆ ಬುಧವಾರ ಬೆಳಗಾದದ್ದೇ ಅತ್ತೆಯ ದನಿಯಿಂದ. ಅತ್ತೆ ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದಳು.

"ಈ ನಲ್ಲಿ ತೊಟ್ಟಿಕ್ತಾ ಇದೆ ಅಂತ ಹೇಳಿ ಮೂರು ತಿಂಗಳಾಯ್ತು ರೀ."

"ಹೂಂ."

"ವಾಷರ್ ಸವೆದಿದೆ. ಹೊಸಾದು ತಂದೂ ಇಟ್ಟಿದೀನಿ. ಇಲ್ಲೇ, ಉಪ್ಪಿನ ಡಬ್ಬಿ ಪಕ್ಕ."

"ಹೂಂ."

"ನಾನು ಇವರಿಗೆ ಹೇಳ್ತಿದೀನೋ ಗೋಡೆಗೆ ಹೇಳ್ತಿದೀನೋ? ಗೋಡೆಗಾದ್ರೂ ಕಿವಿ ಇರುತ್ತಂತೆ!" ಎಂದು ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟ ಸದ್ದಿಗೆ ಪುಟ್ಟಿ ಬೆಚ್ಚಿದಳು. ಅವಳು ತಿಂಡಿ ಮುಟ್ಟಿರಲಿಲ್ಲ. ರಾತ್ರಿಯೆಲ್ಲ ಉಗುರು ಕಚ್ಚಿ ಕಚ್ಚಿ ಹತ್ತರಲ್ಲಿ ಒಂಬತ್ತು ಮುಗಿಸಿದ್ದಳು.

"ಮಾವ, ನಿಮ್ಮ ದಮ್ಮಯ್ಯ, ಇವತ್ತೊಂದಿನ ಟೇಪು ಬಿಚ್ಬೇಡಿ. ಹೂಂ ಅನ್ಬೇಡಿ. ಸುಮ್ನೆ ಕೂತು ಪರದೆ ನೋಡ್ತಾ ಇರಿ. ನಂಗೆ ಆ ಉಗ್ರಾಣಕ್ಕೆ ಹೋಗೋಕೆ ಇಷ್ಟ ಇಲ್ಲ."

"ಇಲ್ಲ ಕಣಮ್ಮ. ಆಣೆ ಆಣೆಯೇ" ಎಂದರು ಮಾವ. ಹೇಳುವಾಗ ಹಳೆಯದೊಂದು ನೆನಪಾಯಿತು. ಈ ಹುಡುಗಿ ಐದು ವರ್ಷದವಳಿದ್ದಾಗ ಮಾವನಿಗೆ ಕಥೆ ಹೇಳುತ್ತಿದ್ದಳು. ಒಂದು ಇಲಿ ಇತ್ತು, ಅದು ಬಸ್ಸು ಓಡಿಸ್ತಿತ್ತು, ಟಿಕೆಟ್ ಕೊಡ್ತಿತ್ತು, ಎಂದು ಬಾಲವಿಲ್ಲದ ಕಥೆ. ಮಾವ ಹೂಂಗುಟ್ಟುತ್ತಿದ್ದರು. ಅವಳು ನಿಲ್ಲಿಸುತ್ತಲೇ ಇರಲಿಲ್ಲ. ನೋಡಿದರೆ ಈ ಸರಣಿ ಹುಟ್ಟಿದ್ದೇ ಅಲ್ಲಿ.

*

ನಾಲ್ಕಕ್ಕೆ ಸರಿಯಾಗಿ ಅರುವತ್ತನಾಲ್ಕು ಜನ ಸೇರಿದರು. ಪರದೆಯ ಮೇಲೆ ಅರುವತ್ತನಾಲ್ಕು ಕಿಟಕಿ. ಒಂದು ಕಿಟಕಿಯಲ್ಲಿ ಬರೀ ಹಣೆ, ಇನ್ನೊಂದರಲ್ಲಿ ಫ್ಯಾನು, ಮತ್ತೊಂದರಲ್ಲಿ ಗಣಿತದ ಪ್ರಾಧ್ಯಾಪಕರ ಕುರ್ಚಿಯ ಮೇಲೆ ಅವರ ಬೆಕ್ಕು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕುಲಪತಿಗಳು. ಗೌನು ತೊಟ್ಟು, ಎದೆ ಸೆಟೆಸಿ, ಕಣ್ಣರಳಿಸಿ ಕೂತಿದ್ದರು. ಮಾವನ ಕಣ್ಣಿಗೆ ಮಾತ್ರ ಕುಲಪತಿಗಳ ನಾಲ್ಕೂ ಬದಿಗೆ ಚಿನ್ನದ ಬಣ್ಣದ ಅಂಚೊಂದು ಕಂಡಂತಾಯಿತು. ದೊಡ್ಡವರ ಕಿಟಕಿಗೆ ಅಂಚು ಕಟ್ಟುವ ಪದ್ಧತಿ ಇರಬೇಕು ಎಂದುಕೊಂಡು ಸುಮ್ಮನಾದರು.

ಉಪನ್ಯಾಸಕರು ಬೇರೆ ವಿಶ್ವವಿದ್ಯಾಲಯದವರು. ಎಲ್ಲರೂ ಅವರನ್ನು ಮೀಟರ್ ಮೇಷ್ಟ್ರು ಎನ್ನುತ್ತಿದ್ದರು. ಸಣ್ಣ ಮೈ, ದೊಡ್ಡ ಕನ್ನಡಕ. ಇಡೀ ಜಗತ್ತಿನ ಗಮನ ಅಳೆಯಲು ಹೊರಟ ಮನುಷ್ಯ, ಆದರೆ ನಾಲ್ಕು ಜನ ತನ್ನನ್ನು ಗಮನಿಸಿದರೆ ಬೆವರುವ ಸ್ವಭಾವ.

"ನಮಸ್ಕಾರ. ಗಮನ ಅಂದ್ರೆ... ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಸರ್" ಎಂದಳು ಪುಟ್ಟಿ.

"ಹಾಂ. ಗಮನ ಅಂದ್ರೆ ಟಾರ್ಚಿನ ಬೆಳಕಿದ್ದ ಹಾಗೆ. ಎಲ್ಲಿ ಬಿಡ್ತೀವೋ ಅಲ್ಲಿ... ಕೇಳಿಸ್ತಿದೆ ಅಲ್ವಾ?"

ಅರುವತ್ತನಾಲ್ಕು ಕಿಟಕಿಯಲ್ಲಿ ಒಂದೂ ಮಿಸುಕಲಿಲ್ಲ. ಬೆಕ್ಕು ಆಕಳಿಸಿತು. ಪುಟ್ಟಿ ಗಾಬರಿಯಲ್ಲಿ ಉತ್ತರ ಕೊಡುತ್ತಿದ್ದಳು, ಕೈ ಆಡಿಸುತ್ತಿದ್ದಳು, ತಲೆ ಕುಣಿಸುತ್ತಿದ್ದಳು. ಆದರೆ ಮೊದಲ ಉತ್ತರ ಕೊಟ್ಟಾದ ಮೇಲೆ ತನ್ನ ಮೈಕನ್ನು ತಾನೇ ಮುಚ್ಚಿಕೊಂಡದ್ದನ್ನು ಮರೆತಿದ್ದಳು. ಮೀಟರ್ ಮೇಷ್ಟ್ರಿಗೆ ಕಂಡದ್ದು, ಗಾಜಿನ ಹಿಂದೆ ಯಾರೋ ಮುಳುಗುತ್ತಿರುವಂಥ ದೃಶ್ಯ.

"ಒಂದು... ಒಂದು ಇರುವೆಯ ಉದಾಹರಣೆ ಕೊಡ್ತೀನಿ" ಎಂದರು ಅವರು. ದನಿ ಸಣ್ಣಗಾಯಿತು. "ಇರುವೆ ಸಕ್ಕರೆ ಕಾಳು ಹೊತ್ಕೊಂಡು ಹೊರಟಿತ್ತು..." ನಿಂತರು. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. "ಹೊರಟಿತ್ತು..." ಮತ್ತೆ ನಿಂತರು. "ಬಹುಶಃ ಯಾರಿಗೂ ಕೇಳಿಸ್ತಿಲ್ಲ ಅನ್ಸುತ್ತೆ. ಇನ್ನೊಂದು ದಿನ..." ಎಂದು ಕೈ ಗುಂಡಿಯ ಕಡೆ ಹೋಯಿತು.

ನೆಲಮಾಳಿಗೆಯಲ್ಲಿ ಮಾವ ಕೂತಲ್ಲೇ ಒದ್ದಾಡಿದರು. ಇದು ಅವರಿಗೆ ಗೊತ್ತಿರುವ ರೋಗ. ಯಂತ್ರದ ದೋಷವಲ್ಲ, ನೆಟ್‌ವರ್ಕಿನದಲ್ಲ. ಗಂಟಲು ಒಣಗುತ್ತಿದೆ. ಆಕಾಶದಲ್ಲಿ ಈಗಾಗಲೇ ಒಂದು ಬಾಣವಿದೆ. ಈಗ ಅದರ ಜೊತೆಗೆ ಒಂದು ಇರುವೆಯೂ, ಸಕ್ಕರೆ ಕಾಳಿನ ಸಮೇತ! ಹೂಂ ಅಂದರೆ ಆಣೆ ಮುರಿದ ಪಾಪ, ಅನ್ನದಿದ್ದರೆ ಮಾತು ಕೊಂದ ಪಾಪ. ಅತ್ತ ದರಿ, ಇತ್ತ ಪುಲಿ. ಮಾವ ಮೇಲೆ ನೋಡಿ, "ಭಗವಂತಾ, ಒಂದನ್ನ ನಿನ್ನ ಹೊಟ್ಟೆಗೆ ಹಾಕ್ಕೋ" ಎಂದು, ಟೇಪಿನ ತುದಿ ಹಿಡಿದು ಎಳೆದರು. ಸ್ವಂತ ಅಂಗಡಿಯ ಟೇಪು, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹಲ್ಲಿನಿಂದ ಕಚ್ಚಿ ಹರಿಯಬೇಕಾಯಿತು. ಬಾಯಲ್ಲಿ ಟೇಪಿನ ಚೂರು ಇರುವಾಗಲೇ,

"ಹೂಂ" ಎಂದರು.

ಪರದೆಯ ತುಂಬ ಮಾವನ ಮೂಗು ಬಂತು. ಮೀಟರ್ ಮೇಷ್ಟ್ರ ಕೈ ಗುಂಡಿಯ ಮೇಲೆ ಅಲ್ಲೇ ನಿಂತಿತು.

"ಇರುವೆ... ಹೊರಟಿತ್ತು" ಎಂದರು, ಮೆಲ್ಲಗೆ, ನೀರಿಗೆ ಕಾಲಿಟ್ಟು ನೋಡುವವರ ಹಾಗೆ.

"ಹೂಂ."

"ದಾರಿಯಲ್ಲಿ ಒಂದು ಬಕೆಟ್ಟಿನ ಅಂಚು ಹತ್ತಬೇಕಾಯ್ತು."

"ಹೂಂ."

ಆಮೇಲೆ ನೋಡಬೇಕು! ಒಡ್ಡು ಒಡೆದ ಕೆರೆಯ ಹಾಗೆ ಮಾತು ಹರಿಯಿತು. ಇರುವೆ ಬಕೆಟ್ಟಿನ ಅಂಚು ಹತ್ತಿತು, ಗಾಳಿ ಬಂತು, ಸಕ್ಕರೆ ಕಾಳು ಜಾರಿತು. ಮೀಟರ್ ಮೇಷ್ಟ್ರು ಎದ್ದು ನಿಂತು ಕೈ ಬೀಸಿ ಹೇಳತೊಡಗಿದರು. ನಲವತ್ತು ನಿಮಿಷ ಅವರಿಗೆ ಬೆವರೇ ಬರಲಿಲ್ಲ. ಮಾವ ಕಣ್ಣು ಮುಚ್ಚಿ, ತಲೆ ವಾಲಿಸಿ, ಬೇರೆ ಲೋಕಕ್ಕೇ ಹೋಗಿದ್ದರು. ಮೇಲಿನ ಮಹಡಿಯಲ್ಲಿ ಪುಟ್ಟಿ ಮಾತ್ರ ಉಳಿದಿದ್ದ ಹತ್ತನೆಯ ಉಗುರನ್ನೂ ಮುಗಿಸಿದಳು.

*

"ಈಗ ನಮ್ಮ ಮೀಟರು ಏನು ಹೇಳುತ್ತೆ ನೋಡೋಣ!" ಎಂದು ಮೀಟರ್ ಮೇಷ್ಟ್ರು ಗೆಲುವಿನಿಂದ ಗುಂಡಿ ಒತ್ತಿದರು. ಒಂದೊಂದು ಕಿಟಕಿಯ ಕೆಳಗೂ ಅಂಕ ಮೂಡಿತು.

ಕುಲಪತಿಗಳು: ನೂರಕ್ಕೆ ನೂರು. ಗಣಿತದವರ ಬೆಕ್ಕು: ಎಂಬತ್ತನಾಲ್ಕು. ಸಂಚಾಲಕಿ: ಮೂವತ್ತೊಂದು. ಬೈಂಡರ್ ಮಾವ: ಸೊನ್ನೆ. ಸೊನ್ನೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ, "ಗಾಢ ನಿದ್ರೆ. ಗೊರಕೆ: ತೊಂಬತ್ತಮೂರು ಬಾರಿ."

ಎಲ್ಲಕ್ಕಿಂತ ಕೆಳಗೆ, ಕೆಂಪಿನಲ್ಲಿ: ಸಭೆಯ ಸರಾಸರಿ, ನಲವತ್ತೊಂಬತ್ತು ದಶಾಂಶ ಆರು.

ಪುಟ್ಟಿ ಲೆಕ್ಕ ಹಾಕಿದಳು. ಮಾವನ ಸೊನ್ನೆಯೊಂದು ಇರದಿದ್ದರೆ ಐವತ್ತು ದಾಟುತ್ತಿತ್ತು. "ಮಾವಾ..." ಎಂದಳು. ಈಗ ಅವಳ ಮೈಕು ತೆರೆದೇ ಇತ್ತು. "ನಿದ್ದೆ ಮಾಡಿಬಿಟ್ರಾ?"

ಮಾವ ಕಣ್ಣು ಬಿಟ್ಟರು. ತಮ್ಮ ಹೆಸರಿನ ಮುಂದಿನ ಸೊನ್ನೆ ನೋಡಿದರು. ಪುಟ್ಟಿಯ ಮುಖ ನೋಡಿದರು. ಅವರ ಗಂಟಲೇ ಒಣಗಿತು. ಬಾಯಲ್ಲಿದ್ದ ಟೇಪಿನ ಚೂರನ್ನು ತೆಗೆದು ಮೇಜಿಗೆ ಅಂಟಿಸಿದರು.

ಮೀಟರ್ ಮೇಷ್ಟ್ರಿಗೆ ಇದ್ಯಾವುದೂ ಗೊತ್ತಿಲ್ಲ. ಅವರು ಮೇಲಿನ ಸಾಲನ್ನು ನೋಡಿ ಹಿಗ್ಗಿ ಹೀರೇಕಾಯಿಯಾಗಿದ್ದರು. "ಮಾನ್ಯ ಕುಲಪತಿಗಳಿಗೆ ಸಾಷ್ಟಾಂಗ! ನಲವತ್ತು ನಿಮಿಷ ಒಮ್ಮೆಯೂ ಎವೆ ಮಿಟುಕಿಸಿಲ್ಲ! ಮೂಗಿನ ಮೇಲೆ ನೊಣ ಕೂತರೂ ಓಡಿಸಿಲ್ಲ! ಇಂಥ ಕೇಳುಗರನ್ನ ನಾನು ಜನ್ಮದಲ್ಲಿ ಕಂಡಿಲ್ಲ. ಸರ್, ತಾವೇ ಎರಡು ಮಾತು ಹೇಳಬೇಕು."

ಕುಲಪತಿಗಳು ಮುಗುಳ್ನಗುತ್ತಲೇ ಇದ್ದರು.

"ಸರ್?"

ಅಷ್ಟರಲ್ಲಿ ಅವರ ಕೋಣೆಯ ಕದ ತೆರೆದು ಆಪ್ತ ಸಹಾಯಕ ಇಣುಕಿರಬೇಕು. ಗಾಳಿ ಬಂತು. ಕುಲಪತಿಗಳು ಒಮ್ಮೆ ಮುಂದಕ್ಕೆ ವಾಲಿದರು, ಒಮ್ಮೆ ಹಿಂದಕ್ಕೆ ವಾಲಿದರು, ಆಮೇಲೆ ಕಟ್ಟು ಸಮೇತ ಧಡಾರನೆ ಮುಂದಕ್ಕೆ ಬಿದ್ದರು. ಪರದೆಯ ತುಂಬ ಒಂದು ಹಲಗೆ, ನಾಲ್ಕು ಮೊಳೆ, ಒಂದು ಗೋಡೆಗೆ ನೇತುಹಾಕುವ ಕೊಕ್ಕೆ. ಮೀಟರು ಕೂಡಲೇ ಅಂಕ ಬದಲಿಸಿತು: "ಕುಲಪತಿಗಳು: ಪ್ರಜ್ಞೆ ತಪ್ಪಿದ್ದಾರೆ."

"ಅಯ್ಯೋ! ಡಾಕ್ಟರನ್ನ ಕರೀರಿ!" ಎಂದು ಯಾರೋ ಕೂಗಿದರು.

"ಕರೀಬೇಕಾಗಿಲ್ಲ, ಇಲ್ಲೇ ಇದೀನಿ" ಎಂದಿತು ಒಂದು ಹೊಸ ದನಿ. ಮುಖವಿಲ್ಲದ, ಬರೀ ಫೋನಿನಿಂದ ಸೇರಿದ್ದ ಒಂದು ಬೂದು ಕಿಟಕಿಯಿಂದ. "ನಾನು ಹಲ್ಲಿನ ಡಾಕ್ಟರು. ನಿಮ್ಮ ಕುಲಪತಿಗಳು ನನ್ನ ಕುರ್ಚಿ ಮೇಲೆ ಮಲಗಿದಾರೆ. ಕ್ಷೇಮವಾಗಿದಾರೆ. ಒಂದು ದವಡೆ ಹಲ್ಲು ಮಾತ್ರ ಇನ್ನಿಲ್ಲ. ಫೋನು ತಟ್ಟೆ ಮೇಲಿಟ್ಟು ಕೇಳ್ತಾ ಇದ್ರು. ಬಾಯ್ತುಂಬ ಹತ್ತಿ ಇದೆ, ಮಾತಾಡೋ ಹಾಗಿಲ್ಲ."

"ಆಂ" ಎಂದಿತು ಹಿಂದಿನಿಂದ ಇನ್ನೊಂದು ದನಿ.

ಅರುವತ್ತಮೂರು ಕಿಟಕಿಗಳೂ ತುಟಿ ಕಚ್ಚಿದವು. ಗಣಿತದವರು ತಮ್ಮ ಬೆಕ್ಕನ್ನೆತ್ತಿ ಅದರ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು.

ಮೀಟರ್ ಮೇಷ್ಟ್ರ ಮುಖ ಸಣ್ಣಗಾಯಿತು. ಆದರೂ ಅವರು ವಿಜ್ಞಾನಿ. ಸೋತಾಗ ಇನ್ನೊಂದು ಪ್ರಯೋಗ ಮಾಡುವ ಜಾತಿ. ತೊಂಬತ್ತೈದು ಬಂದಿದ್ದ ಡೀನರನ್ನು ಕೇಳಿದರು, "ತಾವು ಹೇಳಿ, ನಾನು ಏನಂದೆ?"

"ಬಹಳ... ಮೌಲಿಕವಾಗಿತ್ತು" ಎಂದರು ಡೀನರು.

"ಯಾವುದು?"

"ಒಟ್ಟಾರೆ."

ತೊಂಬತ್ತೆರಡು ಬಂದವರು ನೆಟ್‌ವರ್ಕ್ ಸರಿಯಿಲ್ಲ ಎಂದರು, ಅದೂ ಬಹಳ ಸ್ಪಷ್ಟವಾಗಿ. ಮೀಟರ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಕೊನೆಯ ಸಾಲಿನ ಮೂಲೆಯ ಕಿಟಕಿಯನ್ನು ನೋಡಿದರು. "ಅಲ್ಲಿ, ಆ ಅಂಟಿನ ಡಬ್ಬಿ ಪಕ್ಕದಲ್ಲಿರೋರು. ನೀವೇ ಅಲ್ವಾ ಹೂಂ ಅಂತಿದ್ದೋರು? ಅದು ಗೊರಕೆ ಅಂತಿದೆ ನನ್ನ ಯಂತ್ರ. ನಿಜ ಹೇಳಿ, ಏನೂ ಅಂದ್ಕೊಳಲ್ಲ. ನಾನು ಏನು ಹೇಳಿದೆ?"

ಮಾವ ಪುಟ್ಟಿಯ ಕಿಟಕಿ ನೋಡಿದರು. ಅವಳು ಕಣ್ಣೊರೆಸಿಕೊಂಡು, ಆಗಲಿ ಎಂಬಂತೆ ತಲೆಯಾಡಿಸಿದಳು. ಇನ್ನು ಕಳೆದುಕೊಳ್ಳುವುದಕ್ಕೆ ಏನಿದೆ?

ಮಾವ ಕಣ್ಣು ಮುಚ್ಚಿದರು.

"ನಮಸ್ಕಾರ. ಗಮನ ಅಂದ್ರೆ, ಕೇಳಿಸ್ತಿದೆಯಾ, ಹಾಂ, ಗಮನ ಅಂದ್ರೆ ಟಾರ್ಚಿನ ಬೆಳಕಿದ್ದ ಹಾಗೆ" ಎಂದು ಶುರು ಮಾಡಿದರು. ಮೀಟರ್ ಮೇಷ್ಟ್ರು ಎಲ್ಲಿ ಏರಿದ್ದರೋ ಅಲ್ಲಿ ಏರಿ, ಎಲ್ಲಿ ಇಳಿದಿದ್ದರೋ ಅಲ್ಲಿ ಇಳಿದು, ಇಡೀ ಉಪನ್ಯಾಸವನ್ನು ಅಜ್ಜಿಯ ಪದ್ಯ ಒಪ್ಪಿಸುವ ಹಾಗೆ ಒಪ್ಪಿಸುತ್ತ ಹೋದರು. "ಇಲ್ಲಿ ತಾವು ನೀರು ಕುಡಿದಿರಿ." "ಇಲ್ಲಿ ತಮ್ಮ ಮನೆಯೊಳಗಿಂದ ಯಾರೋ, ಮೊಸರು ಮುಗಿದಿದೆ ಅಂದ್ರು." "ಮೊದಲು ಇನ್ನೂರ ಹದಿನೆಂಟು ವಿದ್ಯಾರ್ಥಿಗಳನ್ನ ಪರೀಕ್ಷೆ ಮಾಡ್ದೆ ಅಂದಿರಿ, ಆಮೇಲೆ ಇನ್ನೂರ ಎಂಬತ್ತೊಂದು ಅಂದಿರಿ. ಯಾವುದು ಸರಿಯೋ ತಮಗೇ ಗೊತ್ತು."

"ಹದಿನೆಂಟೇ" ಎಂದರು ಮೀಟರ್ ಮೇಷ್ಟ್ರು, ಮಗುವಿನ ಹಾಗೆ. ಆಮೇಲೆ, ತಮಗೇ ಗೊತ್ತಿಲ್ಲದೆ, "ಹೂಂ?" ಎಂದರು.

ಆಗ ಆದದ್ದನ್ನು ಯಾವ ಮೀಟರೂ ಅಳೆಯಲಿಲ್ಲ. ಗಣಿತದವರು ಬೆಕ್ಕನ್ನು ಕೆಳಗಿಳಿಸಿ ಹೂಂ ಎಂದರು. ಹಣೆ ಮಾತ್ರ ಕಾಣುತ್ತಿದ್ದವರು ಕೆಳಗೆ ಬಗ್ಗಿ, ಮುಖ ತೋರಿಸಿ, ಹೂಂ ಎಂದರು. ಡೀನರು ಕೂಡ. ಒಂದೊಂದು ಹೂಂಗೂ ಪರದೆಯ ತುಂಬ ಒಂದೊಂದು ಮುಖ. ಅಲ್ಲಿಯವರೆಗೆ ಸ್ಟ್ಯಾಂಪಿನಷ್ಟಿದ್ದವರೆಲ್ಲ ಸರದಿಯ ಮೇಲೆ ದೊಡ್ಡವರಾದರು. ಮೀಟರು ಗಾಬರಿಯಿಂದ ಕೆಂಪು ಅಕ್ಷರದಲ್ಲಿ ಬರೆಯಿತು: "ಸಾಮೂಹಿಕ ಗೊರಕೆ. ಸಭೆಯನ್ನು ಎಬ್ಬಿಸಿರಿ."

ಮುಗಿದ ಮೇಲೆ ಮೀಟರ್ ಮೇಷ್ಟ್ರು ತಲೆ ಕೆರೆದುಕೊಂಡರು. "ತಪ್ಪು ನನ್ನದು. ನಾನು ಕಣ್ಣನ್ನೇ ಅಳೆದೆ. ಇವರಿಗೆ ನೂರು" ಎಂದು ಸೊನ್ನೆ ಅಳಿಸಿ ನೂರು ಹಾಕಿದರು. ಸರಾಸರಿ ಐವತ್ತೊಂದು ದಶಾಂಶ ಎರಡಕ್ಕೆ ಹಾರಿತು! ಪುಟ್ಟಿ ಕುರ್ಚಿಯಿಂದ ಎದ್ದೇಬಿಟ್ಟಳು. "ಆದರೆ" ಎಂದರು ಮೀಟರ್ ಮೇಷ್ಟ್ರು, ನ್ಯಾಯಕ್ಕೆ ತಪ್ಪದ ಮನುಷ್ಯ, "ಹಲಗೆಗೆ ನೂರು ಕೊಡೋಕಾಗಲ್ಲ." ಕುಲಪತಿಗಳ ನೂರನ್ನು ಅಳಿಸಿ ಸೊನ್ನೆ ಹಾಕಿದರು. ಸರಾಸರಿ ಮತ್ತೆ ನಲವತ್ತೊಂಬತ್ತು ದಶಾಂಶ ಆರು. ಪುಟ್ಟಿ ಕೂತಳು. ಕಟ್ಟಿದ ಪುಸ್ತಕ ಕೈಯಲ್ಲೇ ಬಿಚ್ಚಿಕೊಂಡಂತಾಯಿತು ಮಾವನಿಗೆ.

ಬೂದು ಕಿಟಕಿಯಿಂದ ಹಲ್ಲಿನ ಡಾಕ್ಟರು ಕೆಮ್ಮಿದರು. "ನಿಮ್ಮ ಕುಲಪತಿಗಳು ನನ್ನ ಔಷಧಿ ಚೀಟಿ ಮೇಲೆ ಏನೋ ಗೀಚ್ತಾ ಇದಾರೆ. ಓದ್ತೀನಿ ಇರಿ. ಡಾಕ್ಟರಾಗಿ ನಾನು ಇನ್ನೊಬ್ಬರ ಅಕ್ಷರ ಓದೋ ಕಾಲ ಬಂತು... 'ಹನ್ನೊಂದು ವರ್ಷದಿಂದ ಸಭೆಗಳಲ್ಲಿ ಮಾತಾಡಿದ್ದೇನೆ. ಒಂದು ಸಭೆಯನ್ನೂ ಕೇಳಿಲ್ಲ. ಇವತ್ತು ಬಾಯಲ್ಲಿ ಹತ್ತಿ, ಕಣ್ಣ ಮೇಲೆ ದೀಪ. ಎರಡೂ ಮುಚ್ಚಿ ಮಲಗಿದ್ದರಿಂದ ಕಿವಿ ಒಂದೇ ಉಳಿಯಿತು. ಬೈಂಡರು ಹೇಳಿದ್ದನ್ನು ಕೇಳಿದೆ. ಒಂದು ಸಂಶಯ.' ಸಂಶಯದ ಕೆಳಗೆ ಎರಡು ಗೆರೆ ಎಳೆದಿದಾರೆ. 'ಗಾಳಿಗೆ ಸಕ್ಕರೆ ಕಾಳು ಜಾರಿತು ಅನ್ನುವಷ್ಟರಲ್ಲಿ ಡಾಕ್ಟರು ಯಂತ್ರ ಚಾಲೂ ಮಾಡಿದರು. ಇರುವೆ ಮನೆ ಸೇರಿತೋ ಇಲ್ಲವೋ?'"

ಮಾವನ ಕಣ್ಣು ತುಂಬಿ ಬಂತು. ಹೊಲಿಗೆಯ ದಾರ ಹಿಡಿದು ಹಿಡಿದು ಗಡುಸಾದ ಕೈಗಳನ್ನು ಜೋಡಿಸಿದರು.

"ಸೇರಿತು ಸರ್. ಕಾಳು ಬಕೆಟ್ಟಿನೊಳಗೆ ಬಿತ್ತು. ಬಕೆಟ್ಟು ಖಾಲಿ ಇತ್ತು. ಇರುವೆ ಒಳಗಿಳಿದು, ಹುಡುಕಿ, ಮತ್ತೆ ಹೊತ್ತು ಹತ್ತಿತು. ಏಳು ಸಲ ಜಾರಿತು. ಎಂಟನೇ ಸಲಕ್ಕೆ ಮನೆ ಸೇರಿತು. ಸಕ್ಕರೆ ಸಮೇತ."

ತಟ್ಟೆಯ ಮೇಲಿನ ಫೋನಿನಿಂದ ದೀರ್ಘವಾದ ಉಸಿರು ಕೇಳಿಸಿತು. ಆಮೇಲೆ ಹತ್ತಿಯ ನಡುವಿನಿಂದ, "ಊಂ."

ಮತ್ತೆ ಗೀಚುವ ಸದ್ದು. ಡಾಕ್ಟರು ಓದಿದರು: "'ಸರಣಿ ನಡೆಯಲಿ. ಮೀಟರು ಬೇಡ. ಪ್ರತಿ ಬುಧವಾರ ಆ ಬೈಂಡರ ಮೈಕು ತೆರೆದಿರಲಿ. ನನ್ನ ಪಟ ಗೋಡೆಗೆ ಹೋಗಲಿ, ನಾನು ಬರುತ್ತೇನೆ.' ಕೆಳಗೆ ಸಹಿ ಇದೆ. ಅದು ಚೀಟಿಯ ಮೇಲೆ ನಾನು ಸಹಿ ಮಾಡೋ ಜಾಗ, ಇರಲಿ."

ಪುಟ್ಟಿ ಕುಣಿದಾಡಿದಳು. ಮೈಕು ಮುಚ್ಚಿತ್ತೋ ತೆರೆದಿತ್ತೋ ಅವಳಿಗೆ ನೆನಪಿಲ್ಲ. ತೆರೆದಿತ್ತು.

*

ಅಂದು ಮನೆಗೆ ಹೊರಡುವ ಮುಂಚೆ ಮಾವ ಒಂದು ಕಾಗದದ ಪಟ್ಟಿ ಕತ್ತರಿಸಿ ಹೀಗೆ ಬರೆದರು:

ತೆರೆದ ಕಣ್ಣನೆ ಗಮನವೆನ್ನುತ
ಮೆರೆವ ಮೀಟರು ತೂಗಿ ನೋಡಿತು
ಬರಿಯ ಪಟವದು ಎವೆಯನಿಕ್ಕದೆ ನೂರು ಗಳಿಸಿತಲಾ
ಸರಿದು ಮೂಲೆಯಲಿರುವ ಕಿವಿಯನು
ಅರಿಯದಾಯಿತು ಪಾಪ ಯಂತ್ರವು
ಎರಡು ಕಣ್ಗಳ ಮುಚ್ಚಿ ಕೇಳಿದರೊಂದು ತೆರೆಯುವುದೈ

ಕೈಯಲ್ಲಿದ್ದದ್ದು ಮಣ್ಣಿನ ತೇವಾಂಶದ ಬಗ್ಗೆ ಯಾರೋ ಬರೆದ ಪ್ರಬಂಧ. ಅದರ ಬೆನ್ನಿನೊಳಗೆ ಪದ್ಯವನ್ನು ಅಂಟಿಸಿ, ರಟ್ಟು ಮುಚ್ಚಿ, ಪ್ರೆಸ್ಸಿನಲ್ಲಿಟ್ಟು ತಿರುಗಿಸಿದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದು ಕೂತಿತ್ತು. ಪುಟ್ಟಿ ಎಲ್ಲವನ್ನೂ ಅತ್ತೆಗೆ ಎರಡು ಸಲ ಹೇಳಿ, ಮೂರನೇ ಸಲ ಅಭಿನಯಿಸುತ್ತಿದ್ದಳು. ಅತ್ತೆ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

"ನಲವತ್ತು ನಿಮಿಷದ ಭಾಷಣ ಒಂದಕ್ಷರ ಬಿಡದೆ ಒಪ್ಪಿಸಿದ್ರಂತೆ?"

"ಹೂಂ" ಎಂದರು ಮಾವ, ಸ್ವಲ್ಪ ಹೆಮ್ಮೆಯಿಂದ.

"ಎಲ್ಲಿ, ನಾನು ಬೆಳಿಗ್ಗೆ ಏನು ಹೇಳ್ದೆ? ಹೇಳಿ ನೋಡೋಣ."

ಮಾವ ಹಿಂದೆ ಮುಂದೆ ನೋಡಲಿಲ್ಲ. ಗೆದ್ದ ಹುರುಪು ನೋಡಿ! ಕಣ್ಣು ಮುಚ್ಚಿದರು, ತಲೆ ವಾಲಿಸಿದರು. "ಈ ನಲ್ಲಿ ತೊಟ್ಟಿಕ್ತಾ ಇದೆ ಅಂತ ಹೇಳಿ ಮೂರು ತಿಂಗಳಾಯ್ತು ರೀ. ವಾಷರ್ ಸವೆದಿದೆ. ಹೊಸಾದು ತಂದೂ ಇಟ್ಟಿದೀನಿ. ಇಲ್ಲೇ, ಉಪ್ಪಿನ ಡಬ್ಬಿ ಪಕ್ಕ. ನಾನು ಇವರಿಗೆ ಹೇಳ್ತಿದೀನೋ ಗೋಡೆಗೆ ಹೇಳ್ತಿದೀನೋ? ಗೋಡೆಗಾದ್ರೂ ಕಿವಿ ಇರುತ್ತಂತೆ. ಇಲ್ಲಿ ನೀನು ಸೌಟು ಪಾತ್ರೆಯೊಳಗೆ ಬಿಟ್ಟೆ."

ಕಣ್ಣು ತೆರೆದರೆ ಎದುರಿಗೆ ಅತ್ತೆಯ ಮುಖ, ಪರದೆಯ ತುಂಬ.

"ಅಂದ್ರೆ" ಎಂದಳು ಅತ್ತೆ, ನಿಧಾನವಾಗಿ. "ಮೂವತ್ತು ವರ್ಷದಿಂದ ಎಲ್ಲಾ ಕೇಳಿಸ್ತಾ ಇತ್ತು."

ಮಾವ ಅಲ್ಲಿ ಸಿಕ್ಕಿಬಿದ್ದರು. ಕೇಳಿಸಲಿಲ್ಲ ಕಣೇ ಎಂಬ, ಇಷ್ಟು ವರ್ಷ ಗುರಾಣಿಯಂತೆ ಕಾಪಾಡಿದ್ದ ಒಂದೇ ಒಂದು ಮಾತು, ಅರುವತ್ತನಾಲ್ಕು ಜನರ ಎದುರಿಗೆ ಅವತ್ತೇ ಸತ್ತುಹೋಗಿತ್ತು. ಪುಟ್ಟಿ ನಗು ತಡೆಯಲಾರದೆ ಒಳಗೆ ಓಡಿದಳು. ಓಡಿದವಳು ಸ್ಪ್ಯಾನರ್ ಹಿಡಿದುಕೊಂಡು ವಾಪಸ್ಸು ಬಂದಳು.

ಸ್ವಲ್ಪ ಹೊತ್ತಿನಲ್ಲಿ ಮಾವ ಸಿಂಕಿನ ಮುಂದೆ ಬಗ್ಗಿ ನಿಂತಿದ್ದರು, ಹೊಸ ವಾಷರ್ ಹಲ್ಲಿನಲ್ಲಿ ಕಚ್ಚಿಕೊಂಡು. ಹಿಂದೆ ಅತ್ತೆ ಮಣೆಯ ಮೇಲೆ ಕೂತು, ಮದುವೆಯಾದ ಮೊದಲ ವರ್ಷದಿಂದ ಹೇಳಿದ್ದನ್ನೆಲ್ಲ ಸಾಲಾಗಿ ನೆನಪಿಸಿಕೊಳ್ಳುತ್ತಿದ್ದಳು. ಕಿಟಕಿಯ ಚಿಲಕ, ಅಟ್ಟದ ಪೆಟ್ಟಿಗೆ, ಅಳುವ ಬಾಗಿಲು.

"ಕೇಳಿಸ್ತಾ?"

"ಹೂಂ" ಎಂದರು ಮಾವ. ಕಣ್ಣು ಮಾತ್ರ ಮುಚ್ಚಲಿಲ್ಲ. ನಲ್ಲಿಯಿಂದ ನೀರು ಚಿಮ್ಮುತ್ತಿತ್ತು.